ಇನ್ನೂರು ನಿಮಿಷ ಹಂಚುವ ಕೆಲಸ

ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯ 40 ನಿಮಿಷದ್ದು. ಅಂಗಳದಲ್ಲಿ ಒಂದೊಂದು ತಂಡದ ಐವರು. ಹಾಗಾಗಿ ಕೋಚ್ ಕೈಯಲ್ಲಿರುವುದು ಒಟ್ಟು 200 ನಿಮಿಷ. ಅಮೆರಿಕದ ಕೆಂಟಕಿಯಲ್ಲಿ ಬೇಸಿಗೆಯುದ್ದಕ್ಕೂ ಅಭಿಮಾನಿಗಳು ಈ 200 ನಿಮಿಷಗಳನ್ನು ಹಂಚುತ್ತಾ ಕೂರುತ್ತಾರೆ. ಯಾರು ಮೊದಲ ಐವರಲ್ಲಿ, ಯಾರು ಬೆಂಚಿನಲ್ಲಿ, ಈ ಸಲ ಎಲ್ಲಿಯವರೆಗೆ ಹೋಗಬಹುದು ಎಂಬ ಮಾತು ಮುಗಿಯುವುದೇ ಇಲ್ಲ. ಆ ರಾಜ್ಯಕ್ಕೆ ಎನ್‌ಬಿಎ ತಂಡವಿಲ್ಲ. ಲೆಕ್ಸಿಂಗ್ಟನ್ನಿನ ಕೆಂಟಕಿ ವಿಶ್ವವಿದ್ಯಾಲಯದ ತಂಡವೇ ಬಹುಮಂದಿಗೆ ಮನೆಯ ತಂಡ. 1948ರಿಂದ 2012ರವರೆಗೆ ಎಂಟು ರಾಷ್ಟ್ರೀಯ ಪ್ರಶಸ್ತಿ, ತವರಿನ ರಪ್ ಅರೀನಾ ತುಂಬ 20 ಸಾವಿರ ಜನ. ಈ ಚರ್ಚೆಯನ್ನು ಕಾಲಹರಣ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಆಟವನ್ನು ಓದುವ ಒಂದು ಕ್ರಮ ಅದರಲ್ಲಿದೆ. ಆದರೆ ಆ ಓದು ಎಡವುವ ಜಾಗಗಳೂ ಇವೆ.

ಇದಕ್ಕೆ 2024ರ ಬೇಸಿಗೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಮಾರ್ಚ್ ಟೂರ್ನಿಯ ಮೊದಲ ಸುತ್ತಿನಲ್ಲೇ ಕೆಂಟಕಿ ಓಕ್ಲಂಡ್ ಎಂಬ ಸಣ್ಣ ತಂಡಕ್ಕೆ 80–76ರಲ್ಲಿ ಸೋತಿತು. ಹದಿನೈದು ವರ್ಷ ತಂಡ ನಡೆಸಿದ್ದ ಜಾನ್ ಕ್ಯಾಲಿಪಾರಿ ಅರ್ಕನ್ಸಾಗೆ ಹೊರಟರು. 1996ರಲ್ಲಿ ಪ್ರಶಸ್ತಿ ಗೆದ್ದ ತಂಡದ ಆಟಗಾರ ಮಾರ್ಕ್ ಪೋಪ್ ಕೋಚ್ ಆಗಿ ಬಂದರು. ಹಿಂದಿನ ವರ್ಷದ ವಿದ್ಯಾರ್ಥಿವೇತನದ ಆಟಗಾರರಲ್ಲಿ ಒಬ್ಬನೂ ಉಳಿಯಲಿಲ್ಲ. ಕೆಲವರು ಎನ್‌ಬಿಎಗೆ, ಉಳಿದವರಲ್ಲಿ ಹೆಚ್ಚಿನವರು ವರ್ಗಾವಣೆಯ ಪೋರ್ಟಲ್ ಮೂಲಕ ಬೇರೆ ಕಾಲೇಜುಗಳಿಗೆ ಹೋದರು. ಪಟ್ಟಿಯಲ್ಲಿದ್ದದ್ದೆಲ್ಲ ಹೊಸ ಹೆಸರು, ಹೆಚ್ಚಿನವರು ಬೇರೆ ಕಾಲೇಜುಗಳಿಂದ ಬಂದವರು.

ಆಗ ಬಹಳಷ್ಟು ಜನ ಮಾಡಿದ್ದು ಸುಲಭದ ಕೆಲಸ: ಒಬ್ಬೊಬ್ಬನೂ ಹಳೆಯ ಕಾಲೇಜಿನಲ್ಲಿ ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟ್ ಗಳಿಸಿದ್ದ ಎಂದು ಕೂಡಿಸುವುದು. ಈ ಲೆಕ್ಕ ತಪ್ಪು. ಒಂದು ಪಂದ್ಯದಲ್ಲಿ ತಂಡಕ್ಕೆ ದಾಳಿ ಮಾಡುವ ಅವಕಾಶ ಸಿಗುವುದು ಹೆಚ್ಚುಕಡಿಮೆ 70 ಸಲ, ಚೆಂಡು ಒಂದೇ. ಒಬ್ಬ ಹೆಚ್ಚು ಎಸೆದರೆ ಇನ್ನೊಬ್ಬನ ಎಸೆತ ಕಡಿಮೆಯಾಗಲೇಬೇಕು. ಕೂಡಿಸಿ ಬರೆದ ಮೊತ್ತದಲ್ಲಿ ಯಾರು ಯಾರಿಗೆ ಜಾಗ ಬಿಟ್ಟುಕೊಡುತ್ತಾರೆ ಎಂಬುದು ಕಾಣುವುದೇ ಇಲ್ಲ.

ಒಟೆಗಾ ಓವೇಯನ್ನೇ ನೋಡಿ. ಓಕ್ಲಹೋಮಾದಲ್ಲಿ ಅವನ ಸರಾಸರಿ 11.4. ಪೋಪ್ ಹಿಂದೆ ಕೋಚ್ ಆಗಿದ್ದ ಬ್ರಿಗಮ್ ಯಂಗ್‌ನಿಂದ ಬಂದ ಜಾಕ್ಸನ್ ರಾಬಿನ್ಸನ್‌ಗೆ ಕೋಚ್‌ನ ಆಟದ ರೀತಿ ಚೆನ್ನಾಗಿ ಗೊತ್ತು. ಹೆಚ್ಚು ಅಂಕ ಗಳಿಸುವವನು ಅವನೇ ಎಂದು ಊಹಿಸಲು ಕಾರಣವಿತ್ತು. ಕೊನೆಗೆ 16.2ರ ಸರಾಸರಿಯಲ್ಲಿ ತಂಡದ ಮುಂಚೂಣಿಯಲ್ಲಿ ನಿಂತವನು ಓವೇ. ಸುತ್ತ ದೂರದಿಂದ ಎಸೆಯಬಲ್ಲವರಿದ್ದಾಗ ಎದುರಾಳಿಗಳು ಅವರಿಗೆ ಅಂಟಿಕೊಳ್ಳಬೇಕಾಗುತ್ತದೆ, ಬುಟ್ಟಿಯತ್ತ ದಾರಿ ತೆರೆಯುತ್ತದೆ. ಆ ದಾರಿಯಲ್ಲಿ ನುಗ್ಗುವುದೇ ಓವೇಯ ಬಲ. ಡೇಟನ್‌ನಲ್ಲಿ ಮೂರು ಪಾಯಿಂಟಿನ ಎಸೆತಗಳಲ್ಲಿ 49.8 ಶೇಕಡ ಗುರಿ ಮುಟ್ಟಿಸಿದ್ದ ಕೋಬಿ ಬ್ರೇಯಾ ಮೂಲೆಯಲ್ಲಿ ಸುಮ್ಮನೆ ನಿಂತರೂ ಒಬ್ಬ ಕಾವಲುಗಾರ ಅವನನ್ನು ಬಿಟ್ಟು ಕದಲುವಂತಿಲ್ಲ. ಬ್ರೇಯಾನ ಈ ಕೊಡುಗೆ ಅವನ ಹೆಸರಿನ ಮುಂದಿನ ಪಾಯಿಂಟುಗಳಲ್ಲಿ ದಾಖಲಾಗುವುದಿಲ್ಲ. ಡ್ರೆಕ್ಸೆಲ್‌ನಿಂದ ಬಂದ ಎತ್ತರದ ಸೆಂಟರ್ ಅಮಾರಿ ವಿಲಿಯಮ್ಸ್ ಡಿಫೆನ್ಸ್‌ಗೆ ಹೆಸರಾಗಿದ್ದವನು. ಪೋಪ್ ಅವನನ್ನು ಬುಟ್ಟಿಯಿಂದ ಮುಂದಕ್ಕೆ ತಂದು ನಿಲ್ಲಿಸಿ, ಚೆಂಡು ಕೊಟ್ಟು, ಪಾಸ್ ಹಂಚುವ ಕೆಲಸ ವಹಿಸಿದರು.

ಈ ಹೊಂದಾಣಿಕೆಯನ್ನು ಮೊದಲೇ ಗ್ರಹಿಸುವ ಅಭಿಮಾನಿಗಳೂ ಇರುತ್ತಾರೆ, ಅವರು ಮಾಡುವುದು ನಿಮಿಷಗಳ ಲೆಕ್ಕ. ಹತ್ತು ಹೆಸರು ಬರೆದು ಪಕ್ಕದಲ್ಲಿ ನಿಮಿಷ ಹಾಕುತ್ತಾ ಬನ್ನಿ. ಮೊದಲ ಸಲ ಮೊತ್ತ 200 ದಾಟಿಯೇ ತೀರುತ್ತದೆ. ಈಗ ಯಾರದ್ದಾದರೂ ಐದು ನಿಮಿಷ ಕಡಿಯಬೇಕು. ಕಡಿಯಲು ಕಾರಣ ಬೇಕು: ಇಬ್ಬರು ಎತ್ತರದವರು ಒಟ್ಟಿಗೆ ಆಡಿದರೆ ಓಟ ಕುಂದುತ್ತದೆಯೇ, ಗಾರ್ಡ್ ಲಾಮಾಂಟ್ ಬಟ್ಲರ್ ಕೂತಾಗ ಚೆಂಡು ಮುಂದಕ್ಕೆ ತರುವವರು ಯಾರು? ಈ ಪ್ರಶ್ನೆಗೆ ಬಂದ ಕ್ಷಣದಿಂದ ಅಭಿಮಾನಿ ಕೋಚ್‌ನ ಹಾಗೆ ಯೋಚಿಸತೊಡಗುತ್ತಾನೆ. ಆ ಋತುವಿನಲ್ಲಿ ಬಟ್ಲರ್ ಭುಜಕ್ಕೆ ಪೆಟ್ಟಾದಾಗ ಬೇಸಿಗೆಯ ಅದೇ ಪ್ರಶ್ನೆ ನಿಜವಾಗಿ ಎದುರು ನಿಂತಿತು. ರಾಬಿನ್ಸನ್ ಮಣಿಕಟ್ಟಿನ ಗಾಯದಿಂದ ಕೊನೆಯ ಘಟ್ಟದಲ್ಲಿ ಆಡಲೇ ಇಲ್ಲ.

ನಿರೀಕ್ಷೆಯ ಮಾತಿಗೆ ಬಂದರೆ ನನ್ನ ತಕರಾರು ದೊಡ್ಡದು. ಕೆಂಟಕಿಯಲ್ಲಿ ಅಳತೆಗೋಲು ಒಂದೇ, ಪ್ರಶಸ್ತಿ. 68 ತಂಡಗಳು ಸೇರುವ, ಒಂದು ಸೋಲಿಗೆ ಮನೆಗೆ ಕಳಿಸುವ ಟೂರ್ನಿ ಇಡೀ ವರ್ಷದ ತೀರ್ಪು ಹೇಳಲಾರದು. 2015ರಲ್ಲಿ ಇದೇ ತಂಡ ಸತತ 38 ಪಂದ್ಯ ಗೆದ್ದು ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ ಸೋತಿತು. ಅದನ್ನು ವಿಫಲ ತಂಡ ಎನ್ನುವುದು ಅನ್ಯಾಯ. ಋತುವಿನ ಮುಂಚಿನ ರ‍್ಯಾಂಕಿಂಗ್‌ಗೂ ಅಷ್ಟೇ ಬೆಲೆ: 2020–21ರಲ್ಲಿ 10ನೇ ಸ್ಥಾನದಿಂದ ಹೊರಟ ತಂಡ 9 ಗೆದ್ದು 16 ಸೋತಿತು.

ಈಗ ದುಡ್ಡೂ ಮಾತಿನೊಳಗೆ ಬಂದಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಸಂಪಾದಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಅವರ ದುಡಿಮೆಗೆ ಅದು ನ್ಯಾಯವಾದ ಪಾಲು. ಆದರೆ ಐಪಿಎಲ್ ಹರಾಜಿನ ರಾತ್ರಿಯ ಹಾಗೆ, ಇಷ್ಟು ಕೊಟ್ಟು ತಂದವನು ಇಷ್ಟು ಹೊಡೆಯಲೇಬೇಕು ಎಂದು ಹತ್ತೊಂಬತ್ತರ ಹುಡುಗನನ್ನು ತೂಗುವ ಮಾತು ನನಗೆ ಸಹ್ಯವಾಗುವುದಿಲ್ಲ.

ಪೋಪ್‌ರ ಮೊದಲ ತಂಡ 24 ಗೆದ್ದು 12 ಸೋತು, ಕೊನೆಯ ಹದಿನಾರರ ಸುತ್ತಿನಲ್ಲಿ ಟೆನೆಸ್ಸಿಗೆ ಮಣಿಯಿತು. ಎಲ್ಲೆಲ್ಲಿಂದಲೋ ಬಂದವರನ್ನು ಕೂಡಿಸಿ ಕಟ್ಟಿದ, ಗಾಯಗಳಿಂದ ನಲುಗಿದ ತಂಡಕ್ಕೆ ಅದು ಒಳ್ಳೆಯ ವರ್ಷ. ಮುಂದಿನ ಪಟ್ಟಿ ಕೈಗೆ ಬಂದಾಗ ಪಾಯಿಂಟ್ ಕೂಡಿಸುವ ಮೊದಲು, ಪ್ರತಿ ಹೆಸರಿನ ಪಕ್ಕ ಅವನು ಯಾರನ್ನು ಕಾಯಬಲ್ಲ, ಯಾರಿಗೆ ಜಾಗ ಮಾಡಿಕೊಡಬಲ್ಲ ಎಂದು ಬರೆದುಕೊಳ್ಳಿ.