72 ಜನ, ಎರಡು ಅಫಿಡವಿಟ್

2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಒಂದು ಅಫಿಡವಿಟ್ ಕೊಟ್ಟಿತು. ಬೆಂಗಳೂರಲ್ಲಿ 72 ರೋಹಿಂಗ್ಯಾಗಳನ್ನು ಗುರುತಿಸಿದ್ದೇವೆ, ಏನೇನೋ ಕೆಲಸ ಮಾಡಿಕೊಂಡಿದ್ದಾರೆ, ಸದ್ಯಕ್ಕೆ ಗಡೀಪಾರು ಮಾಡುವ ಯೋಚನೆ ಇಲ್ಲ ಅಂತ. ಕೆಲವೇ ದಿನಗಳಲ್ಲಿ ಇನ್ನೊಂದು ಬಂತು: ಕೋರ್ಟ್ ಹೇಳಿದ ಹಾಗೆ ನಡೀತೀವಿ.

ಆ ಕೆಲವು ದಿನಗಳಲ್ಲಿ 72 ಜನ ಹೆಚ್ಚು ಅಪಾಯಕಾರಿ ಆಗಿಬಿಟ್ರಾ? ಇಲ್ಲ. ಸರ್ಕಾರಕ್ಕೆ ನಿಲುವೇ ಇರಲಿಲ್ಲ, ಅಷ್ಟೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ಒಂದು ಕಾನೂನೂ ನಮ್ಮಲ್ಲಿಲ್ಲ. ವೀಸಾ ಮುಗಿದ ಮೇಲೂ ಉಳಿದ ಟೂರಿಸ್ಟು, ಊರಿಗೆ ಬೆಂಕಿ ಬಿದ್ದು ಓಡಿಬಂದವನು, ಇಬ್ಬರೂ ಬರೀ 'ವಿದೇಶಿ'.

ಭದ್ರತೆಯ ಪ್ರಶ್ನೆ ಸುಳ್ಳಲ್ಲ. ಬಂದವರು ಯಾರು, ಎಲ್ಲಿಂದ ಬಂದರು, ಕೈಯಲ್ಲಿರೋ ಆಧಾರ್ ಅಸಲಿಯಾ ಅಂತ ಕೇಳಲೇಬೇಕು. ಹಾಗೆ ಕೇಳಿದವರನ್ನೆಲ್ಲ ದ್ವೇಷಿಗಳು ಅಂದುಬಿಡೋದು ಮಾನವೀಯತೆ ಮಾತಾಡುವವರ ಸೋಮಾರಿತನ. ಆದರೆ ಕೇಳುವವರಿಗೆ ಉತ್ತರ ನಿಜಕ್ಕೂ ಬೇಕಾ ಅನ್ನೋದು ನನ್ನ ಅನುಮಾನ. ಯಾಕಂದ್ರೆ ಉತ್ತರ ಮೈಸೂರಿನಿಂದ ಎರಡು ಗಂಟೆ ದಾರಿಯಲ್ಲಿದೆ. ವೀಕೆಂಡ್‌ಗೆ ಹೋಗಿ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತಗೊಂಡು, ಮೊಮೊ ತಿಂದು ಬರ್ತೀವಲ್ಲ, ಬೈಲಕುಪ್ಪೆ. ಆಗಿನ ಮೈಸೂರು ಸರ್ಕಾರ ಟಿಬೆಟನ್ನರಿಗೆ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿದ್ದು 1962ರ ಚೀನಾ ಯುದ್ಧಕ್ಕೂ ಮೊದಲು. ಗಡಿ ಕಾದ ಕಾವಲಿಯಂತಿದ್ದ ಕಾಲ ಅದು. ಆದರೂ ಕಣ್ಣು ಮುಚ್ಚಿಕೊಂಡು ಒಳಗೆ ಬಿಡಲಿಲ್ಲ. ನೋಂದಣಿ ಪತ್ರ ಕೊಟ್ಟರು, ಕಾಲಕಾಲಕ್ಕೆ ನವೀಕರಿಸಿಕೊಳ್ಳಿ ಅಂದರು. ಯಾರು ಎಲ್ಲಿದ್ದಾರೆ ಅಂತ ಸರ್ಕಾರಕ್ಕೆ ಗೊತ್ತಿತ್ತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗೂ ಜಾಗ ಸಿಕ್ಕಿತು. ಅವರು ಚೀನಾದಿಂದ ತಪ್ಪಿಸಿಕೊಂಡು ಬಂದವರು, ಹಾಗಾಗಿ ರಾಜಕೀಯವೂ ಅನುಕೂಲಕ್ಕೆ ಬಂತು, ನಿಜ. ಆದರೆ ನೋಂದಣಿ ಪತ್ರ ಬರೆಯೋಕೆ ರಾಜಕೀಯ ಬೇಕಿಲ್ಲ, ಗುಮಾಸ್ತ ಸಾಕು.

ಪತ್ರ ನೋಡದೆ ಮುಖ ನೋಡಿ ನಿರ್ಧರಿಸಿದರೆ ಏನಾಗುತ್ತೆ ಅನ್ನೋದನ್ನ 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ನೋಡಿದೆವು. 'ಅಕ್ರಮ ಬಾಂಗ್ಲಾದೇಶಿಗಳು' ಅಂತ ಶೆಡ್ಡುಗಳ ಮೇಲೆ ಜೆಸಿಬಿ ಹರಿಸಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ವೋಟರ್ ಐಡಿ ಹಿಡ್ಕೊಂಡು ನಿಂತರು. ಹೈಕೋರ್ಟ್ ತರಾಟೆಗೆ ತಗೊಂಡು ಪುನರ್ವಸತಿ ಮಾಡಿ ಅಂತ ಹೇಳಬೇಕಾಯ್ತು. ಇಷ್ಟೆಲ್ಲ ಮಾಡಿ ದೇಶಕ್ಕೆ ಸಿಕ್ಕ ಭದ್ರತೆ ಎಷ್ಟು? ಅದರ ಲೆಕ್ಕ ಯಾರೂ ಕೇಳಲ್ಲ.

ನಮ್ಮ ಬಾಣಸವಾಡಿ, ಕಮ್ಮನಹಳ್ಳಿ ಕಡೆ ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಬಾಡಿಗೆ ಕೊಟ್ಟವರಿಗೆ ಸಿ-ಫಾರಂ ಗೊತ್ತಿರುತ್ತೆ. ವಿದೇಶಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಿಸಬೇಕು. ಒಳ್ಳೇ ವ್ಯವಸ್ಥೆ. ಆದರೆ ಅದು ಮೊದಲು ಕೇಳೋದೇ ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್. ಉಟ್ಟ ಬಟ್ಟೆಯಲ್ಲಿ ಓಡಿಬಂದವನ ಹತ್ತಿರ ಎರಡೂ ಇರಲ್ಲ. ವಿಶ್ವಸಂಸ್ಥೆಯವರು ಕೊಟ್ಟ ಕಾರ್ಡ್ ಇರಬಹುದು, ಅದಕ್ಕೆ ಆ ಫಾರಂನಲ್ಲಿ ಜಾಗ ಇಲ್ಲ. ಹಾಗಾಗಿ ಅವನು ಏನನ್ನೂ ಕೇಳದ ಮಾಲೀಕನ ಶೆಡ್ಡಿಗೆ ಹೋಗ್ತಾನೆ. ಅಲ್ಲಿ ಬಾಡಿಗೆ ಕೈಗೇ ಕೊಡ್ತಾನೆ, ರಸೀದಿ ಇಲ್ಲ, ಪೊಲೀಸರ ಹತ್ತಿರ ಹೆಸರೂ ಇಲ್ಲ.