ಕಂಬುಜದೇಶದ ಶಿವಾಲಯಗಳಲ್ಲಿ ಎರಡು ಭಾಷೆಯ ಬರಹ

ಪ್ರಾಚೀನ ಖ್ಮೇರ್ ದೇವಾಲಯಗಳನ್ನು ಕುರಿತು ಪ್ರಕಟವಾಗುತ್ತಿರುವ ಯಾತ್ರಾಕಥನಗಳನ್ನು ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಬಹುಪಾಲು ಶಿಲ್ಪವನ್ನು ಹೊಗಳುತ್ತವೆ, ಶಾಸನವನ್ನು ಮುಟ್ಟುವುದಿಲ್ಲ. ಆಂಗ್ಕೋರ್ ವಾಟ್‌ನ ಐದು ಗೋಪುರಗಳ ಹಿಂದೆ ಸೂರ್ಯೋದಯವನ್ನು ಕಂಡು, ತಾ ಪ್ರೋಮ್‌ನ ಗೋಡೆಗಳನ್ನು ತಬ್ಬಿದ ಬೇರುಗಳ ಮುಂದೆ ನಿಂತು, ಸಂಜೆ ಸಿಯೆಮ್ ರೀಪ್ ಪಟ್ಟಣದಲ್ಲಿ ನೃತ್ಯವನ್ನು ನೋಡಿ ಮರಳುವ ಯಾತ್ರಿಕನಿಗೆ ಈ ನಾಡು ಕಲ್ಲಿನ ನಾಡಾಗಿಯೇ ಉಳಿಯುತ್ತದೆ. ಅದು ಬರಹದ ನಾಡೂ ಹೌದು ಎಂಬುದು ಅವನ ಅರಿವಿಗೆ ಬರುವುದೇ ಇಲ್ಲ. ಅವನ ಕೈಯಲ್ಲಿರುವ ಮಾರ್ಗದರ್ಶಿ ಪುಸ್ತಕಗಳೂ ಆ ದಾರಿಯನ್ನು ತೋರಿಸುವುದಿಲ್ಲ. ಆಂಗ್ಕೋರ್ ವಾಟ್ ಎರಡನೆಯ ಸೂರ್ಯವರ್ಮನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ವಿಷ್ಣ್ವಾಲಯ. ಅದರ ಪ್ರತಿಷ್ಠಾಪನೆಯನ್ನು ಹೇಳುವ ಶಾಸನವೇ ಸಿಕ್ಕಿಲ್ಲ. ಹೀಗೆ ಎಲ್ಲಕ್ಕಿಂತ ಹೆಚ್ಚು ಜನ ನೋಡುವ ದೇವಾಲಯವೇ ತನ್ನ ಬಗ್ಗೆ ಎಲ್ಲಕ್ಕಿಂತ ಕಡಿಮೆ ಮಾತನಾಡುತ್ತದೆ.

ಮಾತನಾಡುವ ದೇವಾಲಯಗಳು ಬೇರೆ ಇವೆ. ಸಿಯೆಮ್ ರೀಪ್‌ನ ಆಗ್ನೇಯಕ್ಕಿರುವ ರೊಲುಓಸ್ ಗುಂಪಿನ ಮೂರು ಶಿವಾಲಯಗಳು ಅವುಗಳಲ್ಲಿ ಮುಖ್ಯವಾದವು. ಒಂದನೆಯ ಇಂದ್ರವರ್ಮನು 879ರಲ್ಲಿ ತನ್ನ ಪೂರ್ವಿಕರ ಹೆಸರಿನಲ್ಲಿ ಪ್ರತಿಷ್ಠಿಸಿದ ಪ್ರೇಹ್ ಕೋ ದೇವಾಲಯಕ್ಕೆ ಆರು ಇಟ್ಟಿಗೆಯ ಗುಡಿಗಳಿವೆ. ಮುಂದಿನ ಮೂರು ಗಂಡಸರಿಗೆ, ಹಿಂದಿನ ಮೂರು ಅವರ ಪತ್ನಿಯರಿಗೆ ಮೀಸಲು. ಗುಡಿಗಳಿಗೆ ಮುಖ ಮಾಡಿ ಮಲಗಿರುವ ನಂದಿಗಳಿಂದಲೇ ಅದಕ್ಕೆ ‘ಪವಿತ್ರ ವೃಷಭ’ ಎಂಬರ್ಥದ ಈಗಿನ ಹೆಸರು ಬಂದಿದೆ. ಎರಡು ವರ್ಷಗಳ ಅನಂತರ, 881ರಲ್ಲಿ, ಅದೇ ಅರಸನು ಐದು ಅಂತಸ್ತಿನ ಬಕೋಂಗ್ ದೇವಾಲಯದಲ್ಲಿ ಇಂದ್ರೇಶ್ವರ ಲಿಂಗವನ್ನು ಸ್ಥಾಪಿಸಿದನು. ಅವನ ಮಗ ಯಶೋವರ್ಮನು ತಂದೆಯ ಕೆರೆಯಾದ ಇಂದ್ರತಟಾಕದ ನಡುಗಡ್ಡೆಯಲ್ಲಿ 893ರಲ್ಲಿ ಲೋಲೈ ದೇವಾಲಯವನ್ನು ಕಟ್ಟಿಸಿದನು. ಇಂದು ಆ ಕೆರೆ ಬತ್ತಿ ಗದ್ದೆಯಾಗಿದೆ, ನಡುಗಡ್ಡೆಯ ಮೇಲೆ ಬೌದ್ಧ ವಿಹಾರವೊಂದು ಜೀವಂತವಾಗಿದೆ. ಪ್ರೇಹ್ ಕೋ ಮತ್ತು ಲೋಲೈಗಳ ದ್ವಾರಶಾಖೆಗಳ ಮೇಲೆ ದುಂಡನೆಯ, ಒಪ್ಪವಾದ ಅಕ್ಷರಗಳ ಸಾಲುಗಳು ಮೇಲಿನಿಂದ ಕೆಳಗಿನವರೆಗೆ ತುಂಬಿಕೊಂಡಿವೆ. ಆ ಲಿಪಿ ದಕ್ಷಿಣ ಭಾರತದ ಲಿಪಿಯಿಂದ ಬೆಳೆದುದು. ಕಾಲವನ್ನು ಹೇಳುವುದು ಕನ್ನಡ ಶಾಸನಗಳಂತೆಯೇ ಶಕವರ್ಷದಲ್ಲಿ. ಕನ್ನಡದ ಹಳೆಯ ಶಾಸನಗಳನ್ನು ಕಂಡ ಕಣ್ಣಿಗೆ ಅದು ಅಪರಿಚಿತವೆನಿಸುವುದಿಲ್ಲ.

ಈ ಶಾಸನಗಳನ್ನು ಸಾಹಿತ್ಯವೆಂದು ಓದುವಾಗ ಮೊದಲು ಎದುರಾಗುವುದು ಸಂಸ್ಕೃತ ಭಾಗ. ಬಾರ್ತ್ ಮತ್ತು ಬೆರ್ಗೇನ್ ಎಂಬ ಫ್ರೆಂಚ್ ವಿದ್ವಾಂಸರು 19ನೆಯ ಶತಮಾನದ ಕೊನೆಯಲ್ಲಿ ಇವನ್ನು ಪ್ರಕಟಿಸತೊಡಗಿದಾಗಲೇ ಇವುಗಳ ಪ್ರೌಢಿಮೆ ವಿದ್ವಲ್ಲೋಕವನ್ನು ಬೆರಗುಗೊಳಿಸಿತು. ಪ್ರೇ ರೂಪ್ ದೇವಾಲಯದ ರಾಜೇಂದ್ರವರ್ಮನ ಪ್ರಶಸ್ತಿ ಸುಮಾರು 300 ಶ್ಲೋಕಗಳ ಒಂದು ಕಾವ್ಯವೇ ಆಗಿದೆ. ಅದರ ಕವಿಗೆ ರಘುವಂಶ ಬಾಯಿಪಾಠವಾಗಿತ್ತೆಂಬುದು ಅಲ್ಲಲ್ಲಿ ಕಾಣುತ್ತದೆ. ಗುಣಾಢ್ಯನನ್ನೂ ಪ್ರವರಸೇನನನ್ನೂ ಬಲ್ಲ ಕವಿಗಳು ಯಶೋವರ್ಮನ ಆಸ್ಥಾನದಲ್ಲಿದ್ದರು. ಐಹೊಳೆಯ ರವಿಕೀರ್ತಿ 634ರಲ್ಲಿ ಕಾಳಿದಾಸ ಭಾರವಿಯರ ಹೆಸರೆತ್ತಿದ ಸಂಪ್ರದಾಯವೇ ಕಡಲಾಚೆಗೂ ಹಬ್ಬಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಈ ಪ್ರಶಸ್ತಿಗಳ ಗುಣವೇ ಅವುಗಳ ದೋಷವೂ ಹೌದು. ವ್ಯಾಕರಣದ ಪರಿಭಾಷೆಯನ್ನು ಶ್ಲೇಷದಲ್ಲಿ ಹೆಣೆಯುವ ಜಾಣ್ಮೆ, ಶಕವರ್ಷವನ್ನು ಅಂಕಿಗಳ ಬದಲು ಭೂತಸಂಖ್ಯೆಯ ಪದಗಳಲ್ಲಿ ಅಡಗಿಸುವ ಚಾತುರ್ಯ, ಕೀರ್ತಿಯನ್ನು ಬೆಳದಿಂಗಳಿಗೂ ಪ್ರತಾಪವನ್ನು ಸೂರ್ಯನಿಗೂ ಹೋಲಿಸುವ ಕ್ರಮ ಎಲ್ಲವೂ ಇವೆ. ಆದರೆ ಒಬ್ಬ ಅರಸನ ಪ್ರಶಸ್ತಿಯಲ್ಲಿ ಇನ್ನೊಬ್ಬನ ಹೆಸರಿಟ್ಟರೆ ಏನೂ ಕೆಡುವುದಿಲ್ಲ. ಭತ್ತದ ಗದ್ದೆ, ಮಹಾಸರೋವರ, ಆನೆಗಳ ಕಾಡು ಇವುಗಳಿಂದ ತುಂಬಿದ ನಾಡಿನಲ್ಲಿ ಕುಳಿತ ಕವಿಯ ಬರಹದಲ್ಲಿ ಆ ನಾಡು ಕಾಣುವುದು ತೀರ ವಿರಳ.

ನಾಡು ಕಾಣುವುದು ಖ್ಮೇರ್ ಭಾಗದಲ್ಲಿ. ಅಲ್ಲಿ ಅಲಂಕಾರವಿಲ್ಲ, ಛಂದಸ್ಸಿಲ್ಲ. ಇಂತಹ ದೇವರಿಗೆ ಇಷ್ಟು ಗದ್ದೆ, ಇಷ್ಟು ಎತ್ತು, ಇಷ್ಟು ಅಕ್ಕಿ, ಇಷ್ಟು ಜನ ಎಂಬ ಪಟ್ಟಿ ಮಾತ್ರ. ಕಾಲ ನಮೂದಾಗಿರುವ ಅತಿ ಹಳೆಯ ಖ್ಮೇರ್ ಶಾಸನ ಆಂಗ್ಕೋರ್ ಬೋರೈಯದು, 611ರದು. ಅದೂ ಇಂತಹ ಪಟ್ಟಿಯೇ. ಲೋಲೈಯ ದ್ವಾರಶಾಖೆಗಳಲ್ಲಿ ಈ ಪಟ್ಟಿ ಬಹಳ ದೀರ್ಘವಾಗಿದೆ. ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು, ಅಡಿಗೆಯವರು, ಎಲೆ ಹೊಲಿಯುವವರು, ಅಕ್ಕಿ ಕುಟ್ಟುವವರು, ಕಾವಲಿನವರು ಹೀಗೆ ಅವರನ್ನು ಕೆಲಸದ ಪ್ರಕಾರ ವಿಂಗಡಿಸಿ, ಶುಕ್ಲಪಕ್ಷದ ಸರದಿ, ಕೃಷ್ಣಪಕ್ಷದ ಸರದಿ ಎಂದು ಎರಡು ಪಾಳಿಯಾಗಿ ಹಂಚಿ, ಒಬ್ಬೊಬ್ಬರ ಹೆಸರನ್ನೂ ಕೆತ್ತಲಾಗಿದೆ. ‘ಖ್ಞುಂ’ ಎಂಬ ಪದದಿಂದ ಕರೆಯಲ್ಪಟ್ಟಿರುವ ಇವರು ಗುಲಾಮರೋ ದೇವಸೇವೆಗೆ ಬಿಟ್ಟ ಒಕ್ಕಲುಗಳೋ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಇಂತಹ ಪಟ್ಟಿಗಳಲ್ಲಿ ಕೆಲವರಿಗೆ ಹೂವಿನ ಹೆಸರು, ಸಂಸ್ಕೃತದ ಹೆಸರು. ಇನ್ನು ಕೆಲವರಿಗೆ ನಾಯಿ, ಬೆಕ್ಕು, ನಾರುವವನು ಎಂಬರ್ಥದ ಹೆಸರು. ಇದನ್ನು ಕಂಡ ಕೆಲವರು ಯಜಮಾನರ ತಿರಸ್ಕಾರಕ್ಕೆ ಇದೇ ಸಾಕ್ಷಿ ಎಂದರು. ಆ ತೀರ್ಮಾನ ಆತುರದ್ದು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ತಿಪ್ಪ, ತಿಪ್ಪವ್ವ ಎಂದು ಹೆಸರಿಡುವ ತಾಯಿಯನ್ನು ಬಲ್ಲ ಕನ್ನಡಿಗನಿಗೆ ಆ ಹೆಸರುಗಳ ಹಿಂದೆ ತಿರಸ್ಕಾರವಲ್ಲದೆ ಅಂಜಿಕೆಯೂ ಅಕ್ಕರೆಯೂ ಇದ್ದಿರಬಹುದೆಂಬುದು ಹೊಳೆಯದಿರದು.

ಒಂದೇ ಬಾಗಿಲಿನಲ್ಲಿ ದೇವರಿಗೂ ಅರಸನಿಗೂ ಒಂದು ಭಾಷೆ, ಅಕ್ಕಿ ಕುಟ್ಟುವವಳಿಗೆ ಇನ್ನೊಂದು ಭಾಷೆ. ಷೆಲ್ಡನ್ ಪೊಲಾಕ್ ಅವರು 2006ರಲ್ಲಿ ಹೊರಬಂದ ತಮ್ಮ ಬೃಹತ್ ಗ್ರಂಥದಲ್ಲಿ ಈ ಭಾಷಾ ವಿಭಜನೆಯನ್ನು ಎತ್ತಿ ತೋರಿಸಿ, ಖ್ಮೇರ್ ನುಡಿ ಆಂಗ್ಕೋರಿನ ಕಾಲದಲ್ಲಿ ಕಾವ್ಯದ ಭಾಷೆಯಾಗಲಿಲ್ಲವೆಂಬುದನ್ನು ಕನ್ನಡದ ಚರಿತ್ರೆಯ ಎದುರಿಗಿಟ್ಟು ಚರ್ಚಿಸಿದ್ದಾರೆ. ಕಾಲಮಾನವನ್ನು ಹೊಂದಿಸಿ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರಚಿತವಾದುದು ಸುಮಾರು 850ರಲ್ಲಿ. ಇಂದ್ರವರ್ಮನು ಪ್ರೇಹ್ ಕೋ ಕಟ್ಟಿಸಿದುದು 879ರಲ್ಲಿ. ಒಂದು ಆಸ್ಥಾನ ನಾಡನುಡಿಗೆ ಅಲಂಕಾರಶಾಸ್ತ್ರ ಬರೆಸುತ್ತಿದ್ದ ತಲೆಮಾರಿನಲ್ಲಿಯೇ ಇನ್ನೊಂದು ಆಸ್ಥಾನ ತನ್ನ ನಾಡನುಡಿಯನ್ನು ಲೆಕ್ಕಪತ್ರಕ್ಕೆ ಇಟ್ಟುಕೊಂಡಿತ್ತು. ಆದರೆ ಈ ಹೋಲಿಕೆಯಿಂದ ಹಿಗ್ಗುವುದು ವಿವೇಕವಲ್ಲ. ಖ್ಮೇರ್ ಕಾವ್ಯವು ತಾಳೆಗರಿಯಲ್ಲಿದ್ದು ಅಳಿದುಹೋಗಿರಬಹುದು, ಕಲ್ಲು ಎಲ್ಲವನ್ನೂ ಹೇಳುವುದಿಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿಯೂ ಮಾಲೆಗಾರರು, ಸೂಳೆಯರು, ಗಾಣಿಗರು ಬರುವುದು ದತ್ತಿಯ ಅಂಗವಾಗಿಯೇ. ಮೂರು ಶತಮಾನದ ಅನಂತರ, ಆಂಗ್ಕೋರ್ ವಾಟ್ ಏಳುತ್ತಿದ್ದ 12ನೆಯ ಶತಮಾನದಲ್ಲಿ, ಕಲ್ಯಾಣದ ಕೊಟ್ಟಣದ ಸೋಮಮ್ಮ ಎಂಬ ಅಕ್ಕಿ ಕುಟ್ಟುವ ಶರಣೆ ಹೆಸರನ್ನಷ್ಟೇ ಅಲ್ಲ, ತನ್ನ ಮಾತನ್ನೂ ಬಿಟ್ಟುಹೋದಳು. ಲೋಲೈಯ ಕುಟ್ಟುವವಳಿಗೆ ಹೆಸರು ಮಾತ್ರ ಉಳಿದಿದೆ.

ಆ ಹೆಸರು ಉಳಿದುದೂ ಸಣ್ಣ ಸಂಗತಿಯಲ್ಲ. ತಾ ಪ್ರೋಮ್‌ನ 1186ರ ಶಾಸನ ಬೌದ್ಧನಾದ ಏಳನೆಯ ಜಯವರ್ಮನದು, ಸಂಸ್ಕೃತದ್ದು. ಆ ವಿಹಾರಕ್ಕೆ 3,140 ಗ್ರಾಮಗಳು, ಅವುಗಳಿಂದ 79,365 ಜನ, 615 ನರ್ತಕಿಯರು ಎಂದು ಅದು ಎಣಿಸುತ್ತದೆ. ಗ್ರಂಥಗಳೆಲ್ಲ ಈ ಅಂಕಿಗಳನ್ನು ಬೆರಗಿನಿಂದ ಉದ್ಧರಿಸುತ್ತವೆ. ಅಷ್ಟು ಜನರಲ್ಲಿ ಒಬ್ಬರ ಹೆಸರೂ ಆ ಶ್ಲೋಕಗಳಲ್ಲಿ ಇಲ್ಲ.

ಖ್ಮೇರ್ ಭಾಗವನ್ನು ಕಡೆಗಣಿಸಿದುದರಿಂದ ತತ್ತ್ವವಿಚಾರದಲ್ಲಿಯೂ ಪ್ರಮಾದವಾಗಿದೆ. ಎರಡನೆಯ ಜಯವರ್ಮನು 802ರಲ್ಲಿ ಮಹೇಂದ್ರಪರ್ವತದಲ್ಲಿ, ಎಂದರೆ ಇಂದಿನ ಕುಲೇನ್ ಬೆಟ್ಟದಲ್ಲಿ, ‘ದೇವರಾಜ’ ವಿಧಿಯನ್ನು ನಡೆಸಿ ತಾನೇ ದೇವರಾದನೆಂದು ಮಾರ್ಗದರ್ಶಿ ಪುಸ್ತಕಗಳು ಸಾರುತ್ತವೆ. ಈ ಕಥೆಗೆ ಮುಖ್ಯ ಆಧಾರ ಸ್ಡೋಕ್ ಕೋಕ್ ಥೋಮ್ ದೇವಾಲಯದ 340 ಸಾಲುಗಳ ಶಾಸನ. ಅದರ ಕಾಲ 1052, ಎಂದರೆ ಘಟನೆಯಾದ 250 ವರ್ಷಗಳ ಮೇಲೆ. ಹಿರಣ್ಯದಾಮನೆಂಬ ಬ್ರಾಹ್ಮಣನು ವೀಣಾಶಿಖ, ನಯೋತ್ತರ, ಸಮ್ಮೋಹ, ಶಿರಚ್ಛೇದ ಎಂಬ ನಾಲ್ಕು ತಂತ್ರಗಳನ್ನು ಶಿವಕೈವಲ್ಯನೆಂಬ ಪುರೋಹಿತನಿಗೆ ಉಪದೇಶಿಸಿದನೆಂದು ಅದು ಹೇಳುತ್ತದೆ. ಇವುಗಳಲ್ಲಿ ವೀಣಾಶಿಖತಂತ್ರ ನೇಪಾಳದ ಹಸ್ತಪ್ರತಿಯಲ್ಲಿ ಉಳಿದು 1985ರಲ್ಲಿ ಅಚ್ಚಾಗಿದೆ. ಆದ್ದರಿಂದ ಆ ಮಾತು ಕಟ್ಟುಕಥೆಯಲ್ಲ. ಆದರೆ ‘ದೇವರಾಜ’ ಎಂಬ ಸಂಸ್ಕೃತ ಪದಕ್ಕೆ ಖ್ಮೇರ್ ಭಾಗದಲ್ಲಿರುವುದು ‘ಕಮ್ರತೆಙ್ ಜಗತ್ ತ ರಾಜ’. ಅದರ ಅರ್ಥ ‘ರಾಜನಾಗಿರುವ ಜಗದೊಡೆಯ’. ದೇವರು ರಾಜನೆನಿಸಿದನೇ ಹೊರತು ರಾಜನು ದೇವರೆನಿಸಲಿಲ್ಲ. ಕಮಲೇಶ್ವರ ಭಟ್ಟಾಚಾರ್ಯರು 1961ರ ತಮ್ಮ ಗ್ರಂಥದಲ್ಲಿ ಕಂಬುಜದ ವೈದಿಕ ಶೈವ ಮತಗಳನ್ನು ಪರಾಮರ್ಶಿಸಿದ ಮೇಲೆ, ಸ್ಯಾಂಡರ್ಸನ್ ಅವರು ಖ್ಮೇರರ ಶೈವವನ್ನು ಆಗಮಗಳ ಬೆಳಕಿನಲ್ಲಿ ವಿವರಿಸಿದ ಮೇಲೆ ಹಳೆಯ ಅರ್ಥವನ್ನೇ ಹಿಡಿದು ಕೂರುವುದಕ್ಕೆ ಕಾರಣವಿಲ್ಲ. ಈ ಶಾಸನದಲ್ಲಿ ಖ್ಮೇರ್ ಗದ್ಯವು ಪಟ್ಟಿಯ ಮಟ್ಟವನ್ನು ದಾಟಿ, ಒಂದು ಗುರುವಂಶದ ಕಥೆಯನ್ನು ಶ್ಲೋಕಗಳಿಗಿಂತ ನೇರವಾಗಿ, ವಿಶದವಾಗಿ ಹೇಳುತ್ತದೆಂಬುದು ಗಮನಾರ್ಹ. ದೇವಾಲಯ ಈಗ ಥಾಯ್‌ಲೆಂಡಿನ ಗಡಿಯಲ್ಲಿದೆ, ಶಾಸನದ ಕಲ್ಲು ಬ್ಯಾಂಕಾಕಿನ ವಸ್ತುಸಂಗ್ರಹಾಲಯದಲ್ಲಿದೆ. 1979ರ ಅನಂತರ ಆ ಗುಡಿಯ ಸಮೀಪದಲ್ಲಿಯೇ ಖ್ಮೇರ್ ನಿರಾಶ್ರಿತರ ಶಿಬಿರವಿತ್ತು. 2025ರ ಜುಲೈಯಲ್ಲಿ ಎರಡು ದೇಶಗಳ ಗಡಿಯಲ್ಲಿ ಮತ್ತೆ ತೋಪುಗಳು ಹಾರಿದವು. ಶಿಖರೇಶ್ವರನ ನೆಲೆಯಾದ ಪ್ರೇಹ್ ವಿಹಾರ್ ಬೆಟ್ಟವೂ ಆ ಗಡಿಯಲ್ಲಿಯೇ ಇದೆ.

ಭಕ್ತರ ಮನಸ್ಸಿಗೆ ಹತ್ತಿರವಾಗುವ ತಾಣ ಬಂತೆಯ್ ಸ್ರೈ. ಇದನ್ನು ಕಟ್ಟಿಸಿದವನು ಅರಸನಲ್ಲ, ಅರಸನ ಗುರುವಾದ ಯಜ್ಞವರಾಹನೆಂಬ ವಿದ್ವಾಂಸ. 967ರಲ್ಲಿ ಇಲ್ಲಿ ತ್ರಿಭುವನಮಹೇಶ್ವರನ ಪ್ರತಿಷ್ಠೆಯಾಯಿತು. ಕೆಂಪು ಮರಳುಗಲ್ಲಿನಲ್ಲಿ ಕೈಲಾಸವನ್ನಲುಗಿಸುವ ರಾವಣ, ಶಿವನಿಗೆ ಬಾಣವೆತ್ತಿದ ಮನ್ಮಥ ಇವರನ್ನು ಎಲ್ಲರೂ ನೋಡುತ್ತಾರೆ. ಪೂರ್ವದ ಬಾಗಿಲ ಮೇಲೆ ನರ್ತಿಸುತ್ತಿರುವ ಶಿವನ ಪಾದದ ಬಳಿ ಎದೆ ಬತ್ತಿ, ಎಲುಬು ಕಾಣುವಂತೆ ಕುಳಿತಿರುವ ಒಬ್ಬ ಹೆಂಗಸನ್ನು ಮಾತ್ರ ಬಹಳ ಮಂದಿ ದಾಟಿ ಹೋಗುತ್ತಾರೆ. ಅವಳು ಅರವತ್ತಮೂವರು ಪುರಾತನರಲ್ಲಿ ಒಬ್ಬಳಾದ ಕಾರೈಕ್ಕಾಲ್ ಅಮ್ಮೈಯಾರ್. ರಾವಣನ ಕಥೆ ಕಡಲು ದಾಟಿದುದು ಸೋಜಿಗವಲ್ಲ. ಚೆಲುವನ್ನು ತೊರೆದು ಸುಡುಗಾಡಿನ ಶಿವನನ್ನು ಹಾಡಿದ ತಮಿಳು ಹೆಂಗಸೊಬ್ಬಳು ಹತ್ತನೆಯ ಶತಮಾನದಲ್ಲಿಯೇ ಅಲ್ಲಿಗೆ ತಲುಪಿದ್ದಳೆಂಬುದು ನಿಜವಾದ ಸೋಜಿಗ. 1923ರಲ್ಲಿ ಫ್ರಾನ್ಸಿನ ಸಾಹಿತಿ ಆಂದ್ರೆ ಮಾಲ್ರೋ ಕಲ್ಲುಗಳನ್ನು ಕಿತ್ತೊಯ್ಯಲು ಹೋಗಿ ಸಿಕ್ಕಿಬಿದ್ದುದೂ ಇದೇ ಗುಡಿಯಲ್ಲಿ.

ಇದನ್ನೆಲ್ಲ ಭಾರತದ ವಿಸ್ತರಣೆಯೆಂದು ಬಗೆಯುವ ಯಾತ್ರಾಕಥನಗಳು ಕನ್ನಡದಲ್ಲಿಯೂ ಇಲ್ಲದಿಲ್ಲ. ಅವು ‘ನಮ್ಮ ಶಿವ’ನನ್ನು ಅಲ್ಲಿ ಕಂಡು ಸಂತೋಷಪಡುತ್ತವೆ, ಅಲ್ಲಿಯವರನ್ನು ಕಾಣುವುದಿಲ್ಲ. ಬಂತೆಯ್ ಸ್ರೈಗೂ ಮೇಲೆ ಕ್ಬಾಲ್ ಸ್ಪಿಯನ್ ಎಂಬಲ್ಲಿ, ಕಾಡಿನ ದಾರಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರು ಏರಿದರೆ, ಹೊಳೆಯ ತಳದ ಬಂಡೆಯಲ್ಲಿಯೇ ಸಾಲುಸಾಲಾಗಿ ಲಿಂಗಗಳನ್ನು ಕೊರೆದಿರುವುದು ಕಾಣುತ್ತದೆ. ಅವುಗಳ ಮೇಲೆ ಹರಿದ ನೀರು ಕೆಳಗಿನ ಗದ್ದೆಗಳಿಗೆ ಹೋಗುತ್ತದೆ. ಅಭಿಷೇಕವನ್ನೂ ಬೇಸಾಯವನ್ನೂ ಹೀಗೆ ಒಂದೇ ಹೊಳೆಯಲ್ಲಿ ಕೂಡಿಸಿದ ಕಲ್ಪನೆ ಖ್ಮೇರರದು. ಯಾವ ಆಗಮದ ಪುಟದಿಂದಲೂ ಅದನ್ನು ಹಾಗೆಯೇ ಎತ್ತಿ ತಂದಂತಿಲ್ಲ. ದೊಡ್ಡ ಚರ್ಮದ ಬೊಂಬೆಗಳ ‘ಸ್ಬೆಕ್ ಥೋಮ್’ ನೆರಳಾಟದಲ್ಲಿ ಆಡುವ ರಾಮಕಥೆಯೂ ಅಷ್ಟೆ, ಅದು ಖ್ಮೇರರ ‘ರಾಮಕೇರ್ತಿ’. 1975ರಿಂದ 1979ರವರೆಗಿನ ಕ್ರೂರ ಆಡಳಿತದಲ್ಲಿ ಕಲಾವಿದರಲ್ಲಿ ಬಹುಪಾಲು ಜನ ಸತ್ತುಹೋದರೂ ಉಳಿದ ಕೆಲವರು ನೆನಪಿನಿಂದ ಅದನ್ನು ಮತ್ತೆ ಕಟ್ಟಿದರು. ಫ್ನೋಂ ಪೆನ್ಹ್‌ನ ಅರಮನೆಯಲ್ಲಿ ‘ಬಾಕು’ ಎಂಬ ಪುರೋಹಿತರು ಇಂದಿಗೂ ಅರಸನ ಉಳುಮೆಯ ಹಬ್ಬವನ್ನು ನಡೆಸುತ್ತಾರೆ.

ಕಾಂಬೋಡಿಯಾಕ್ಕೆ ಹೋಗುವ ಸಾಹಿತ್ಯ ವಿದ್ಯಾರ್ಥಿ ಮೊದಲ ಬೆಳಗನ್ನು ಆಂಗ್ಕೋರ್ ವಾಟ್‌ನ ಕೊಳದ ದಡದಲ್ಲಿ ಕಳೆಯಬೇಕಾಗಿಲ್ಲ. ಲೋಲೈಯ ಗುಡಿಗಳ ಬಾಗಿಲು ಪೂರ್ವಕ್ಕೆ ಇವೆ. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಆ ಅಕ್ಷರಗಳು ಎದ್ದು ಕಾಣುತ್ತವೆ. ಓದಲು ಬಾರದಿದ್ದರೂ, ಹೆಸರುಗಳ ಜೊತೆಗೆ ಮರಳಿ ಮರಳಿ ಬರುವ ಚಿಕ್ಕ ಪದಗಳನ್ನು ಕಣ್ಣಿನಿಂದ ಗುರುತಿಸಬಹುದು. ಆ ಹೆಸರುಗಳನ್ನು ಎಣಿಸುತ್ತ ಹೋದರೆ ಬೆಳಗು ಸಾಲುವುದಿಲ್ಲ.