ಜಾರದ ಚಕ್ರ, ಮಗುಚುವ ಟ್ರ್ಯಾಕ್ಟರ್

ಅಮೆರಿಕದ ಊರಾಚೆಯ ಬಡಾವಣೆಗಳಲ್ಲಿ ಮನೆ ಕೊಂಡವರಿಗೆ ಬ್ಯಾಂಕಿನ ಸಾಲದ ಜೊತೆ ಹುಲ್ಲಿನ ಋಣವೂ ಅಂಟಿಕೊಳ್ಳುತ್ತದೆ. ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾ, ಟೆನೆಸ್ಸಿಗಳಲ್ಲಿ ಅಪಲೇಚಿಯನ್ ಬೆಟ್ಟಸಾಲಿನ ಮಗ್ಗುಲಲ್ಲಿ ಮನೆ ಮಾಡಿದವರಿಗೆ ಆ ಹುಲ್ಲು ಸಮತಟ್ಟಾಗಿಯೂ ಸಿಗುವುದಿಲ್ಲ. ಜಾಗ ಎಕರೆ ದಾಟಿದರೆ ಕೈಯಲ್ಲಿ ತಳ್ಳುವ ಯಂತ್ರ ಸಾಲದೆ ಗಾರ್ಡನ್ ಟ್ರ್ಯಾಕ್ಟರ್ ಬರುತ್ತದೆ. ಇಬ್ಬನಿಯ ಬೆಳಿಗ್ಗೆ ಏರಿನಲ್ಲಿ ಅದರ ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ, ಹುಲ್ಲು ಕಿತ್ತು ಮಣ್ಣು ತೋರಿಸಿದ ಮೇಲೆ ಯಜಮಾನರು ಚಕ್ರಕ್ಕೆ ತೂಕ ಕಟ್ಟಲು, ಸರಪಳಿ ತೊಡಿಸಲು ಹೊರಡುತ್ತಾರೆ. ಈ ರೂಢಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ತಕರಾರು ಇರುವುದೂ ಅಲ್ಲೇ.

ಉಪಾಯಗಳಲ್ಲಿ ಒಳ್ಳೆಯದು ಟೈರಿಗೆ ದ್ರವ ತುಂಬುವುದು. ನಮ್ಮ ಕಬ್ಬಿನ ಸೀಮೆಯ ಟ್ರ್ಯಾಕ್ಟರ್ ಚಾಲಕರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಅಮೆರಿಕದ ಚಳಿಗೆ ನೀರು ಹೆಪ್ಪುಗಟ್ಟುತ್ತದೆ. ಹಿಂದೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಿದ್ದರು. ಅದು ಸೋರಿದರೆ ರಿಮ್ಮನ್ನೇ ತಿಂದುಹಾಕುತ್ತದೆ. ಈಗ ಸಕ್ಕರೆ ಬೀಟ್‌ರೂಟಿನ ರಸದಿಂದ ತಯಾರಿಸಿದ ದ್ರವ ಸಿಗುತ್ತದೆ: ತುಕ್ಕು ಹಿಡಿಸದು, ಲೀಟರಿಗೆ ಸುಮಾರು 1.3 ಕೆ.ಜಿ. ತೂಗುತ್ತದೆ. ಟೈರಿನ ಮುಕ್ಕಾಲು ಭಾಗ ತುಂಬಿದರೆ ತೂಕವೆಲ್ಲ ನೆಲದ ಹತ್ತಿರವೇ ಕೂರುತ್ತದೆ. ಚಕ್ರಕ್ಕೆ ಬೋಲ್ಟು ಹಾಕಿ ಬಿಗಿಯುವ ಎರಕದ ಕಬ್ಬಿಣವೂ ಇಷ್ಟೇ ಒಳ್ಳೆಯದು. ಸರಪಳಿ ಕಚ್ಚಿ ಹಿಡಿಯುತ್ತದೆ, ಆದರೆ ತಿರುವಿನಲ್ಲಿ ಹುಲ್ಲುಹಾಸನ್ನು ಗೀರುತ್ತದೆ. ಹೊಲದ ಟ್ರ್ಯಾಕ್ಟರಿನಂಥ ಏಣುಗಳಿರುವ ಟೈರಿನದೂ ಅದೇ ಕಥೆ. ಕೆಲವರು ಟೈರಿನ ಗಾಳಿ ಇಳಿಸುತ್ತಾರೆ. ನೆಲಕ್ಕೆ ಹೆಚ್ಚು ರಬ್ಬರು ತಾಗುವುದು ನಿಜ. ಆದರೆ ಅಡ್ಡ ಇಳಿಜಾರಿನಲ್ಲಿ ಕೆಳಬದಿಯ ಟೈರು ಅಮುಕಿ ಯಂತ್ರ ಇನ್ನಷ್ಟು ವಾಲುತ್ತದೆ, ಟೈರು ರಿಮ್ಮು ಬಿಟ್ಟು ಬರಲೂಬಹುದು. ಇದೊಂದನ್ನು ನಾನು ಯಾರಿಗೂ ಹೇಳಲಾರೆ.

ಇವೆಲ್ಲ ಕೊಡುವುದು ಹಿಡಿತ. ಮಗುಚದೆ ನಿಲ್ಲುವುದು ಬೇರೆಯೇ ಲೆಕ್ಕ. ಗಾರ್ಡನ್ ಟ್ರ್ಯಾಕ್ಟರಿಗೆ ನಾಲ್ಕು ಚಕ್ರವಿದೆಯಲ್ಲ, ನಾಲ್ಕು ಕಾಲಿನ ಮಂಚದ ಹಾಗೆ ಭದ್ರ ಎಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದರ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ಅತ್ತಿತ್ತ ಓಲಾಡುವಂತಿರುತ್ತದೆ. ಹಾಗಾಗಿ ಯಂತ್ರದ ನಿಜವಾದ ಆಧಾರ ಹಿಂದಿನ ಎರಡು ಚಕ್ರ ಮತ್ತು ಮುಂದಿನ ಆ ಪಿನ್ನು, ಅಂದರೆ ಒಂದು ತ್ರಿಕೋನ. ಗುರುತ್ವಕೇಂದ್ರದ ನೇರ ಆ ತ್ರಿಕೋನದ ಅಂಚು ದಾಟಿದರೆ ಟೈರು ಎಷ್ಟೇ ಕಚ್ಚಿ ಹಿಡಿದಿದ್ದರೂ ಪಲ್ಟಿ ತಪ್ಪದು. ಸೀಟಿನ ಮೇಲೆ ಕೂತ ಎಂಬತ್ತು ಕಿಲೋ ಮನುಷ್ಯ ಆ ಕೇಂದ್ರವನ್ನು ಮೇಲಕ್ಕೆತ್ತಿಯೇ ಇರುತ್ತಾನೆ. ಹಿಂದಿನ ಚಕ್ರಕ್ಕೆ ತೂಕ ಹೇರಿದರೆ ಪಕ್ಕಕ್ಕೆ ಬೀಳುವ ಭಯ ಕೊಂಚ ತಗ್ಗುತ್ತದೆ, ಏರಿನಲ್ಲಿ ಮೂತಿ ಎದ್ದು ಹಿಂದಕ್ಕೆ ಬೀಳುವ ಭಯ ಹೆಚ್ಚುತ್ತದೆ. ಆಗ ಮುಂದಕ್ಕೂ ತೂಕ ಹಾಕಬೇಕಾಗುತ್ತದೆ.

ಹೆಚ್ಚಿನ ಕೈಪಿಡಿಗಳು 15 ಡಿಗ್ರಿ ಮೀರಬೇಡಿ ಎನ್ನುತ್ತವೆ, ಅಂದರೆ ನೂರು ಅಡಿಗೆ ಸುಮಾರು 27 ಅಡಿಯ ಏರು. ಕೂತು ಓಡಿಸುವ ಯಂತ್ರವನ್ನು ಮೇಲೆ ಕೆಳಗೆ ಓಡಿಸಿ, ತಳ್ಳುವ ಯಂತ್ರವನ್ನು ಅಡ್ಡಡ್ಡ ತಳ್ಳಿ ಎನ್ನುತ್ತವೆ. ಅವುಗಳಲ್ಲಿರುವ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ: ರಿವರ್ಸಿನಲ್ಲಿ ಹತ್ತಲಾಗದ ದಿಣ್ಣೆಯನ್ನು ಕತ್ತರಿಸಲೇ ಹೋಗಬೇಡಿ. ಅಳತೆಯ ಸಾಧನ ಬೇಡ, ಗಣಿತ ಬೇಡ, ಯಾರು ಬೇಕಾದರೂ ಮಾಡಿ ನೋಡಬಹುದಾದ ಪರೀಕ್ಷೆ. ಈ ಪರೀಕ್ಷೆ ನಿಂತಿರುವುದು ಚಕ್ರ ಜಾರುವುದರ ಮೇಲೆ. ಮಾಮೂಲಿ ನುಣುಪು ಟೈರು ಅಪಾಯದ ಕೋನಕ್ಕೆ ಮೊದಲೇ ಜಾರಿ, ಸಾಕು ಎನ್ನುತ್ತದೆ. ಸರಪಳಿ ತೊಡಿಸಿ, ಬೀಟ್‌ರೂಟಿನ ರಸ ತುಂಬಿಸಿ, ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಒತ್ತಿದ ಟ್ರ್ಯಾಕ್ಟರ್ ಅದೇ ದಿಣ್ಣೆಯನ್ನು ರಿವರ್ಸಿನಲ್ಲಿ ಸಲೀಸಾಗಿ ಹತ್ತಿ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಮಗುಚುವ ಕೋನ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಎಚ್ಚರಿಕೆ ಕೊಡುತ್ತಿದ್ದವನ ಬಾಯಿ ಮುಚ್ಚಿಸಿದ್ದೇವೆ, ಅಷ್ಟೆ.

ಹಿಡಿತ ನಿಜಕ್ಕೂ ಬೇಕಾಗುವುದು ಇಳಿಯುವಾಗ. ಇಂಥ ಯಂತ್ರಗಳಲ್ಲಿ ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೇ. ಎಣ್ಣೆಯ ಒತ್ತಡದಿಂದ ಓಡುವ ಹೈಡ್ರೋಸ್ಟಾಟಿಕ್ ಯಂತ್ರದ ಪೆಡಲ್ ಬಿಟ್ಟಾಗ ನಿಲ್ಲಿಸುವುದೂ ಅವೇ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರವಾಗುತ್ತದೆ, ಬ್ರೇಕು ಹಾಕಿದ ಕೂಡಲೇ ನಿಂತು ಜಾರತೊಡಗುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೆ ಯಂತ್ರ ಅಡ್ಡವಾಗುತ್ತದೆ, ಅಡ್ಡವಾದದ್ದು ಉರುಳುತ್ತದೆ. ಬ್ಲೇಡ್ ನಿಲ್ಲಿಸಿ, ನೇರ ಕೆಳಕ್ಕೆ ನಿಧಾನವಾಗಿ ಇಳಿಯುವುದೊಂದೇ ದಾರಿ. ಹಿಂದಿನ ತೂಕಕ್ಕೆ ನಾನು ಮನಸಾರೆ ಅಂಕ ಕೊಡುವುದು ಇಲ್ಲಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಯಂತ್ರದ ಗುಣವೂ ಏರಿಗಿಂತ ಇಳಿತದಲ್ಲೇ ಹೆಚ್ಚು. ಇನ್ನು ಹಿಂದಿನ ಚಕ್ರಗಳಿಂದಲೇ ತಿರುಗುವ ಜೀರೋ ಟರ್ನ್ ಯಂತ್ರಗಳು ಹಿಡಿತ ತಪ್ಪಿದರೆ ದಿಕ್ಕನ್ನೂ ಕಳೆದುಕೊಳ್ಳುತ್ತವೆ. ದಿಣ್ಣೆಗೆ ಅವು ತಕ್ಕವಲ್ಲ.

ಉರುಳಿದಾಗ ಕಾಯುವುದು ಸೀಟಿನ ಹಿಂದಿನ ಉಕ್ಕಿನ ಕಮಾನು, ಅಂದರೆ ರೋಲ್ ಬಾರ್, ಮತ್ತು ಸೀಟ್ ಬೆಲ್ಟ್; ಎರಡೂ ಒಟ್ಟಿಗಿದ್ದರೇ ಪೂರ್ತಿ ರಕ್ಷಣೆ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ರೋಲ್ ಬಾರಿನಂಥ ರಕ್ಷಣೆಯನ್ನು ಕಡ್ಡಾಯ ಮಾಡಿತು. ಅಮೆರಿಕದ 1976ರ ನಿಯಮ 20 ಅಶ್ವಶಕ್ತಿ ಮೀರಿದ, ಕೂಲಿಯಾಳುಗಳು ಓಡಿಸುವ ಕೃಷಿ ಟ್ರ್ಯಾಕ್ಟರುಗಳಿಗೆ ಅನ್ವಯಿಸುತ್ತದೆ. ಮನೆಯಂಗಳದಲ್ಲಿ ತಾನೇ ಓಡಿಸುವವನು ಅದರ ಹೊರಗೆ ಉಳಿದ. ಸಾವಿರಾರು ಡಾಲರಿನ ಟ್ರ್ಯಾಕ್ಟರಿಗೆ ಲೋಟ ಇಡುವ ಜಾಗ ಕೊಡುವ ಕಂಪನಿಗಳು ರೋಲ್ ಬಾರ್ ಎಂದರೆ ಹಿಂಜರಿಯುವುದು ನನಗೆ ಅರ್ಥವಾಗುವುದಿಲ್ಲ.

ಕಡಿದಾದ ದಿಣ್ಣೆಗೆ ಹುಲ್ಲುಹಾಸೇ ತಪ್ಪು ಆಯ್ಕೆ. ಪೆನ್ಸಿಲ್ವೇನಿಯಾದವರು ಇದನ್ನು ಹಿಂದೆಯೇ ಅರಿತು ಹೆದ್ದಾರಿ ಬದಿಯ ಇಳಿಜಾರುಗಳಿಗೆ ಕ್ರೌನ್ ವೆಚ್ ಎಂಬ ಹಬ್ಬುವ ಗಿಡ ಹಾಕಿದರು. 1982ರಲ್ಲಿ ರಾಜ್ಯ ಅದಕ್ಕೆ ಅಧಿಕೃತ ಮನ್ನಣೆಯನ್ನೂ ಕೊಟ್ಟಿತು. ಈಗ ಅದು ಎಲ್ಲೆಲ್ಲೂ ಹಬ್ಬಿ ಕಳೆ ಎನಿಸಿಕೊಂಡಿದೆ, ಆ ಮಾತು ಬೇರೆ. ಅದರ ಬದಲು ಹಬ್ಬುವ ಫ್ಲಾಕ್ಸ್ ಇದೆ, ಅಲ್ಲಿಯದೇ ಆದ ಲಿಟಲ್ ಬ್ಲೂಸ್ಟೆಮ್ ಹುಲ್ಲಿದೆ; ಬೇರು ಬಿಟ್ಟ ಮೇಲೆ ಇವು ಮಣ್ಣು ಹಿಡಿಯುತ್ತವೆ, ವಾರವಾರ ಕತ್ತರಿಸಿಕೊಳ್ಳುವುದಿಲ್ಲ.

ಅಲ್ಲಿರುವ ಕನ್ನಡದ ಮನೆಗಳಿಗೆ ನನ್ನ ಮಾತು ಇಷ್ಟು. ಹಿಡಿತಕ್ಕೆ ದುಡ್ಡು ಹಾಕುವ ಮೊದಲು ದಿಣ್ಣೆಯ ಕೋನ ಅಳೆಯಿರಿ, ಫೋನಿನಲ್ಲೇ ಆಗುತ್ತದೆ. ರಿವರ್ಸಿನ ಪರೀಕ್ಷೆಯನ್ನು ಸರಪಳಿ ತೊಡಿಸುವ ಮೊದಲೇ ಮಾಡಿ. 10 ಡಿಗ್ರಿಯೊಳಗೆ ಒಳ್ಳೆಯ ಟೈರು, ಒಣ ಹುಲ್ಲು ಸಾಕು. 10ರಿಂದ 15ರವರೆಗೆ, ನಿಮ್ಮ ಕೈಪಿಡಿ ಒಪ್ಪಿದರೆ, ಟೈರಿಗೆ ದ್ರವ ತುಂಬಿಸುವುದು ಸಾರ್ಥಕ. ಅದಕ್ಕೂ ಮೇಲಿದ್ದರೆ ಟ್ರ್ಯಾಕ್ಟರನ್ನು ಷೆಡ್ಡಿನಲ್ಲೇ ಬಿಟ್ಟು ಗಿಡ ನೆಡಿ.